ಯಂತ್ರದ ಬಾಯಿಯೂ ನಮ್ಮ ಮಾತೂ

ಕಳೆದ ಹಿಂಗಾರಿಯ ದಿನಗಳಲ್ಲಿ ನಾವು ನವಲಗುಂದ ತಾಲೂಕಿನ ಒಂದು ಹಳ್ಳಿಗೆ ಆಪ್ತರ ಮನೆಗೆಂದು ಹೋಗಿದ್ದೆವು. ಆ ಮನೆಯ ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಮಗನೊಡನೆ ಮಾತನಾಡಬೇಕೆಂದು ಮೊಮ್ಮಗನ ಕೈಯಿಂದ ನಂಬರ ಒತ್ತಿಸಿ ಆಕೆಯು ಮೊಬೈಲನ್ನು ಕಿವಿಗೆ ಹಿಡಿದಳು. ಮಗನ ಧ್ವನಿಗೆ ಬದಲಾಗಿ ತಿದ್ದಿ ತೀಡಿದ ಕನ್ನಡದಲ್ಲಿ ಒಬ್ಬ ತರುಣಿಯು, ತಾವು ಕರೆ ಮಾಡಿದ ಚಂದಾದಾರರು ವ್ಯಾಪ್ತಿಪ್ರದೇಶದ ಹೊರಗೆ ಇರುವರೆಂದು ನುಡಿದಳು. ಅಜ್ಜಿಯು ಆ ಮಾತನ್ನು ಸಾವಧಾನದಿಂದ ಕೇಳಿಕೊಂಡು, “ಯವ್ವಾ, ನನ್ನ ಮಗಾ ಯಾರಿಗೂ ಚಂದಾ ಕೊಡಾಂವಲ್ಲ. ಅಂವ ಹೊರಗ ಎಲ್ಲೂ ಹೋಗಿಲ್ಲ, ಅಂಗಡ್ಯಾಗನ ಇರತಾನ. ಒಂದೀಟು ಒದರಿ ನೋಡ, ತಾಯಿ” ಎಂದು ಉತ್ತರ ಕೊಟ್ಟಳು. ಮನೆಯವರೆಲ್ಲರೂ ನಕ್ಕರು, ನಾವೂ ನಕ್ಕೆವು. ಹತ್ತು ವರುಷದ ಮೊಮ್ಮಗನು ಮಾತ್ರ ನಾಚಿಕೆಯಿಂದ ಮೋರೆ ಕೆಂಪಗೆ ಮಾಡಿಕೊಂಡು, “ಅಯ್ಯೋ, ಅದು ರೆಕಾರ್ಡಿಂಗ್ ಕಣಜ್ಜಿ!” ಎಂದನು.

ನಗೆಯು ಅಡಗಿದ ಬಳಿಕ ನಮ್ಮ ಮನಸ್ಸಿನಲ್ಲಿ ಉಳಿದದ್ದು ಅಜ್ಜಿಯ ಉತ್ತರವಲ್ಲ, ಹುಡುಗನ ಆ ಒಂದು ಮಾತು. ‘ಕಣಜ್ಜಿ’ ಎಂಬ ಶಬ್ದವು ಆ ಮನೆಯಲ್ಲಿ ಯಾರೊಬ್ಬರ ಬಾಯಲ್ಲಿಯೂ ಎಂದೂ ಹುಟ್ಟಿದ್ದಲ್ಲ. ಅವನ ತಂದೆ ಅದನ್ನು ಆಡುವದಿಲ್ಲ, ತಾಯಿ ಆಡುವದಿಲ್ಲ, ಊರಿನ ಗುರುಗಳೂ ಆಡುವದಿಲ್ಲ. ಗೋಡೆಗೆ ತೂಗುಹಾಕಿದ ಟಿ.ವ್ಹಿ.ಯು ಆಡುತ್ತದೆ, ಕೈಯೊಳಗಿನ ಮೊಬೈಲಿನ ಚಿತ್ರಗಳು ಆಡುತ್ತವೆ. ಅಜ್ಜಿಯು ಯಂತ್ರವನ್ನು ಮನುಷ್ಯಳೆಂದು ಬಗೆದು ಮಾತನಾಡಿದಳು. ಮೊಮ್ಮಗನು ಯಂತ್ರದಂತೆಯೇ ಮಾತನಾಡಿದನು. ಈ ಎರಡರಲ್ಲಿ ಹೆಚ್ಚಿನ ಪ್ರಮಾದವು ಯಾವದೆಂಬದನ್ನು ವಾಚಕರು ವಿಚಾರಿಸಬೇಕು. ಆ ವಿಚಾರಕ್ಕೆ ನೆರವಾಗಲೆಂದೇ ಸಿನೇಮಾ, ಟಿ.ವ್ಹಿ., ಮತ್ತು ನಿತ್ಯದ ಯಂತ್ರಗಳ ಕಿರಿಕಿರಿಗಳನ್ನು ಕುರಿತು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಯಂತ್ರವು ವೈರಿಯಲ್ಲ

ಹಳೆಯದೆಲ್ಲವೂ ಹೊನ್ನು, ಹೊಸದೆಲ್ಲವೂ ಮಣ್ಣು ಎನ್ನುವವರ ಪಂಕ್ತಿಯಲ್ಲಿ ನಾವು ಕುಳಿತವರಲ್ಲ. ಯಂತ್ರವು ನಮ್ಮ ಸೀಮೆಗೆ ಮಾಡಿದ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾದದ್ದಿಲ್ಲ, ಕುಂದಗೋಳವೇ ಸಾಕು.

ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಲ್ಲಿ 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರು ಖಾನಸಾಹೇಬ ಅಬ್ದುಲ ಕರೀಮಖಾನರ ಶಿಷ್ಯರಾಗಿ, ರಂಗಭೂಮಿಯ ಮೇಲೆ ಹೆಸರು ಪಡೆದು, ಸವಾಯಿ ಗಂಧರ್ವರೆನಿಸಿದರು. ಗದುಗಿನ ಒಬ್ಬ ಶಿಕ್ಷಕರ ಮಗನು ಅಂಗಡಿಯೊಂದರ ಮುಂದೆ ನಿಂತು ಗ್ರಾಮೋಫೋನಿನ ತಟ್ಟೆಯಿಂದ ಹೊರಟ ಕರೀಮಖಾನರ ಠುಮರಿಯನ್ನು ಕೇಳಿದನು. ಆ ನಾದವು ಹುಡುಗನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. 1933ರಲ್ಲಿ, ಹನ್ನೊಂದು ವರುಷದವನಿರುವಾಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟನು. ಉತ್ತರ ಹಿಂದುಸ್ಥಾನವನ್ನು ಸುತ್ತಿ ಬಂದು, 1936ರಲ್ಲಿ ಮನೆಯಿಂದ ಬಹುದೂರವಲ್ಲದ ಕುಂದಗೋಳದಲ್ಲಿ ಆ ಗುರುವನ್ನು ಕಂಡುಕೊಂಡನು. ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿಯವರ ಕಥೆಯಿದು. ಅದೇ ಗುರುಗಳ ಬಳಿಗೆ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೇಲ್ವೆಯಲ್ಲಿ ಬಂದು ಪಾಠ ಹೇಳಿಸಿಕೊಂಡು ರಾತ್ರಿಯ ಗಾಡಿಗೆ ಮರಳುತ್ತಿದ್ದರು. ತಟ್ಟೆಯು ಒಬ್ಬರನ್ನು ಎಬ್ಬಿಸಿತು. ಉಗಿಬಂಡಿಯು ಮತ್ತೊಬ್ಬರನ್ನು ತಂದು ಮುಟ್ಟಿಸಿತು. ಎರಡೂ ಯಂತ್ರಗಳೇ ಅಲ್ಲವೇ?

ಆದರೆ ಇಲ್ಲಿ ಲಕ್ಷ್ಯಕ್ಕೆ ತರಬೇಕಾದ ಸೂಕ್ಷ್ಮವೊಂದುಂಟು. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು-ಮೂರೂವರೆ ನಿಮಿಷಗಳಿಗಿಂತ ಹೆಚ್ಚಿನ ಹಾಡು ಹಿಡಿಯುತ್ತಿರಲಿಲ್ಲ. ತಾಸುಗಟ್ಟಲೆ ಅರಳಬೇಕಾದ ರಾಗವು ಅಲ್ಲಿ ಮೊಗ್ಗಿನಷ್ಟೇ ಕಾಣುತ್ತಿತ್ತು. ಆ ಮೊಗ್ಗನ್ನು ಕಂಡ ಹುಡುಗನು ಹೂವನ್ನು ಹುಡುಕುತ್ತ ಹೊರಟನು. ಅಂದರೆ ಯಂತ್ರವು ಅವನನ್ನು ತನ್ನ ಮುಂದೆಯೇ ಕೂಡ್ರಿಸಿಕೊಳ್ಳಲಿಲ್ಲ, ಮನುಷ್ಯನ ಕಡೆಗೆ ಕಳಿಸಿತು. ಒಳ್ಳೆಯ ಯಂತ್ರದ ಲಕ್ಷಣವು ಇದೇ ಎಂದು ನಮ್ಮ ಮತ. ಯಾವ ಯಂತ್ರವು ನಮ್ಮನ್ನು ಎದ್ದು ಇನ್ನೊಬ್ಬರ ಬಾಗಿಲಿಗೆ ಹೋಗುವಂತೆ ಮಾಡುವದೋ ಅದು ಸ್ನೇಹಿತ. ಯಾವದು ಕುಳಿತಲ್ಲಿಯೇ ಕಟ್ಟಿಹಾಕಿ ನಮ್ಮ ನಾಲಗೆಯನ್ನೇ ಬದಲಿಸುವದೋ ಅದರ ವಿಷಯದಲ್ಲಿ ಎಚ್ಚರವಿರಬೇಕು.

ಬೆಳ್ಳಿತೆರೆಯ ಮೇಲಿನ ನಾವು

ಕನ್ನಡದ ಮೊದಲ ಮಾತಿನ ಚಿತ್ರಪಟವಾದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ 1934ರ ಮಾರ್ಚ 3ರಂದು ತೆರೆ ಕಂಡಿತು. ಅದನ್ನು ತಯಾರಿಸಿದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ, ಎಂದರೆ ನಮ್ಮ ಮಗ್ಗುಲಲ್ಲಿ. ಆದರೂ ಅದರಲ್ಲಿ ಮಾತನಾಡಿದ ನಟವರ್ಗವು ಮೈಸೂರು ಸೀಮೆಯ ನಾಟಕ ಕಂಪನಿಗಳದಾಗಿತ್ತು. ಮುಂದೆ ಕನ್ನಡ ಚಿತ್ರಪಟದ ಉದ್ಯಮವು ಮದ್ರಾಸಿನಲ್ಲಿ ಬೆಳೆದು ಬೆಂಗಳೂರಿನಲ್ಲಿ ನೆಲೆ ನಿಂತಿತು. ಹೀಗಾಗಿ ಚಿತ್ರಪಟದ ಕನ್ನಡವೆಂದರೆ ಆ ಸೀಮೆಯ ಕನ್ನಡ ಎಂಬ ರೂಢಿಯು ಬಿದ್ದುದು ಸಹಜವೇ. ಇದರಲ್ಲಿ ಯಾರ ಕಪಟವನ್ನೂ ನಾವು ಕಾಣುವದಿಲ್ಲ. ಹಣ ಹೂಡಿದವರು, ನಟರು, ಬರೆಹಗಾರರು ಎಲ್ಲಿಯವರೋ ಮಾತೂ ಅಲ್ಲಿಯದಾಗುವದು.

ದುಃಖದ ಸಂಗತಿಯು ಬೇರೆಯೇ ಇದೆ. ಹಲವು ದಶಕಗಳವರೆಗೆ ನಮ್ಮ ಕಡೆಯ ಮಾತಿಗೆ ಚಿತ್ರಪಟದಲ್ಲಿ ದೊರೆತ ಪಾತ್ರಗಳು ಯಾವವು? ನಾಯಕನ ಅಡಿಗೆಯವನು, ಪಟ್ಟಣಕ್ಕೆ ಬಂದು ದಾರಿ ತಪ್ಪಿದ ಹಳ್ಳಿಗ, ದೊಡ್ಡ ಮೀಸೆಯ ಪೈಲವಾನ, ಕೊಡಲಿ ಹಿಡಿದ ಪುಂಡ. ನಾಯಕನು ಪ್ರೇಮವನ್ನು ನಿವೇದಿಸುವಾಗ, ತಾಯಿಯು ಮಗನಿಗಾಗಿ ಅಳುವಾಗ, ನ್ಯಾಯಾಧೀಶನು ತೀರ್ಪು ಹೇಳುವಾಗ ಧಾರವಾಡದ ಮಾತು ಕೇಳಿಬರುವದು ಅಪರೂಪ. ನಗಿಸಬೇಕಾದಲ್ಲಿ ಮತ್ತು ಹೆದರಿಸಬೇಕಾದಲ್ಲಿ ಮಾತ್ರ ನಮ್ಮ ನಾಲಗೆಯನ್ನು ಎರವಲು ತರಲಾಯಿತು. ಆ ನಾಲಗೆಯಾದರೂ ನಮ್ಮದೋ? ಪ್ರತಿ ಶಬ್ದದ ತುದಿಗೆ ಒಂದು ‘ರೀ’, ವಾಕ್ಯದ ಮೊದಲಿಗೆ ಒಂದು ‘ಲೇ’ ಅಂಟಿಸಿಬಿಟ್ಟರೆ ಉತ್ತರ ಕರ್ನಾಟಕದ ಮಾತಾಯಿತೆಂದು ಬರೆಹಗಾರರು ತಿಳಿದಂತಿದೆ. ಅಣ್ಣಿಗೇರಿಯ ಮಾತಿಗೂ ಕಲಘಟಗಿಯ ಮಾತಿಗೂ ನಡುವೆ ಇರುವ ಅಂತರವನ್ನು ಕೇಳಿ ತಿಳಿಯುವ ಶ್ರಮವನ್ನು ತೆಗೆದುಕೊಂಡವರು ವಿರಳ.

ಇದು ಯಾವ ಮಾತು, ಯಾವ ನೆಲ, ಎಂಬದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ತೋರಿಸುವದು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಕುಂದಗೋಳ ತಾಲೂಕಿನ ನೆರೆಯದು. ಆದಿಕವಿ ಪಂಪನು ತನ್ನ ಕಾವ್ಯದ ಕನ್ನಡವು ಆ ಪುಲಿಗೆರೆಯ ಕನ್ನಡವೆಂದು ಅಭಿಮಾನದಿಂದ ಹೇಳಿಕೊಂಡನು. ಅವನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಮ್ಮನಾದ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿದುಬರುವದು. ಸಾವಿರ ವರುಷಗಳ ಹಿಂದೆ ಯಾವ ಸೀಮೆಯ ಮಾತು ಕನ್ನಡಕ್ಕೆಲ್ಲ ಒರೆಗಲ್ಲಾಗಿತ್ತೋ ಅದೇ ಸೀಮೆಯ ಮಾತು ಇಂದು ಬೆಳ್ಳಿತೆರೆಯ ಮೇಲೆ ಹಾಸ್ಯದ ಸರಕಾಗಿರುವದು ಕಾಲದ ಮಹಿಮೆಯೆನ್ನಬೇಕು. ಇಪ್ಪತ್ತನೆಯ ಶತಮಾನದಲ್ಲಿಯೂ ಧಾರವಾಡದ ಆಡುನುಡಿಯನ್ನು ಹಿಡಿದೇ ದ. ರಾ. ಬೇಂದ್ರೆಯವರು ವರಕವಿಗಳೆನಿಸಿದರು, 1973ರ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಿತು. ಕವಿಗೆ ಸಾಲುವ ಮಾತು ನಾಯಕನಟನಿಗೆ ಏಕೆ ಸಾಲಬಾರದು?

ಸಾಲುವದೆಂದು ತೋರಿಸಿಕೊಟ್ಟ ಚಿತ್ರಪಟಗಳು ಇಲ್ಲದೆ ಇಲ್ಲ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ 1979ರಲ್ಲಿ ಬಂದಿತು. ಅದರ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿಯು ದೊರಕಿತು. ಟಿ. ಎಸ್. ನಾಗಾಭರಣರು 1990ರಲ್ಲಿ ‘ಸಂತ ಶಿಶುನಾಳ ಶರೀಫ’ವನ್ನೂ 1997ರಲ್ಲಿ ‘ನಾಗಮಂಡಲ’ವನ್ನೂ ತೆರೆಗೆ ತಂದರು. ಶರೀಫರ ಗುರುಗಳಾದ ಗೋವಿಂದಭಟ್ಟರು ಕುಂದಗೋಳ ತಾಲೂಕಿನ ಕಳಸದವರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು, ಇವರ ಕಥೆಯನ್ನು ಹೇಳಿದ ಆ ಚಿತ್ರಪಟಕ್ಕೆ ರಾಷ್ಟ್ರೀಯ ಏಕಾತ್ಮತೆಗಾಗಿ ಮೀಸಲಾದ ನರ್ಗಿಸ್ ದತ್ತ ಪ್ರಶಸ್ತಿಯು ಸಂದಿತು. ನೆಲದ ಮಾತನ್ನು ಗೌರವದಿಂದ ಆಡಿಸಿದರೆ ಬೆಂಗಳೂರಿನ ಪ್ರೇಕ್ಷಕನಿಗೂ ತಿಳಿಯುವದು, ದಿಲ್ಲಿಯ ಪರೀಕ್ಷಕನಿಗೂ ಮೆಚ್ಚುಗೆಯಾಗುವದು ಎಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮನೆಯೊಳಗಿನ ಅತಿಥಿ

ಸಿನೇಮಾವಾದರೋ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಊರ ಹೊರಗಿನ ಟೂರಿಂಗ ಟಾಕೀಜಿನ ಡೇರೆಯಲ್ಲಿ ಉಸುಕಿನ ಮೇಲೆ ಕುಳಿತು ನೋಡಿಬರುವ ವಸ್ತುವಾಗಿತ್ತು. ಟಿ.ವ್ಹಿ.ಯು ಮನೆಯೊಳಗೆ ಬಂದು ಕುಳಿತ ಅತಿಥಿ. ಬಂದವನು ಹೋಗುವ ಮಾತೇ ಇಲ್ಲ.

ಈ ಅತಿಥಿಯು ನಮ್ಮ ನೆರೆಗೆ ಬಂದ ಬಗೆಯು ಸ್ವಾರಸ್ಯದ್ದಾಗಿದೆ. 1975ರ ಆಗಸ್ಟದಿಂದ ಒಂದು ವರುಷದವರೆಗೆ, ಅಮೇರಿಕೆಯ ಉಪಗ್ರಹವೊಂದನ್ನು ಎರವು ಪಡೆದು, ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಶಿಕ್ಷಣ ಪ್ರಯೋಗವನ್ನು ನಡಿಸಲಾಯಿತು. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರ ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರೆಲ್ಲ ಕೂಡುವದು, ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇವೇ ವಿಷಯಗಳು. ಇಂದು ಪ್ರತಿ ಮನೆಯಲ್ಲಿ ಪೆಟ್ಟಿಗೆಯುಂಟು, ಪ್ರತಿ ಕೈಯಲ್ಲಿಯೂ ಒಂದುಂಟು. ಕೂಡಿ ನೋಡುವ ಊರು ಮಾತ್ರ ಚದುರಿಹೋಗಿದೆ.

ಟಿ.ವ್ಹಿ.ಯ ಕಿರಿಕಿರಿಗಳನ್ನು ಪಟ್ಟಿ ಮಾಡಹೊರಟರೆ ಈ ಪುಟವು ಸಾಲದು. ಮಳೆಗಾಲದ ಒಂದು ಸಂಗತಿಯನ್ನಷ್ಟೇ ಹೇಳುವೆವು. ಕಲಘಟಗಿಯ ಕಡೆಗೆ ಮಲೆನಾಡಿನ ಸೆರಗಿನ ಮಳೆಯು ಹಿಡಿಯಿತೆಂದರೆ ಮಾಡಿನ ಮೇಲಣ ಬೋಗುಣಿಯಂಥ ಡಿಶ್ ಇದ್ದೂ ಇಲ್ಲದಂತೆ. ಸುಮಾರು 36,000 ಕಿಲೋಮೀಟರ ಎತ್ತರದ ಉಪಗ್ರಹದಿಂದ ಇಳಿದುಬರುವ ತೆರೆಗಳು ಎರಡು-ಎರಡೂವರೆ ಸೆಂಟಿಮೀಟರ ಉದ್ದದವು. ಅಷ್ಟು ದೂರವನ್ನು ನಿರಾಯಾಸವಾಗಿ ದಾಟಿದ ಅವು ಕೊನೆಯ ನಾಲ್ಕಾರು ಕಿಲೋಮೀಟರುಗಳ ಮಳೆಹನಿಗಳಲ್ಲಿ ಹೀರಿಹೋಗುತ್ತವೆ, ಚೆದರಿಹೋಗುತ್ತವೆ. ಜೋರಾದ ಮಳೆಯ ವಾರ್ತೆಯನ್ನು ಟಿ.ವ್ಹಿ.ಯು ಹೇಳಬೇಕಾದ ಹೊತ್ತಿಗೆ ಸರಿಯಾಗಿ ಅದರ ಬಾಯಿ ಕಟ್ಟುವದು. ಆಗ ಮನೆಯವರು ಒಬ್ಬರೊಡನೊಬ್ಬರು ಮಾತನಾಡತೊಡಗುವರಾದ್ದರಿಂದ ಇದನ್ನು ದೋಷವೆನ್ನಬೇಕೋ ವರುಣದೇವನ ಕೃಪೆಯೆನ್ನಬೇಕೋ ತಿಳಿಯದು.

ಗಂಭೀರವಾದ ಆಕ್ಷೇಪಣೆಯು ಬೇರೆ. ಸಂಜೆಯ ಧಾರಾವಾಹಿಗಳು ನಿತ್ಯವೂ ಮೂರು ತಾಸು ಮನೆಯಲ್ಲಿ ಮಾತನಾಡುತ್ತವೆ. ತಂದೆಯು ಹೊಲದಿಂದ ದಣಿದು ಬಂದು ಮಗನೊಡನೆ ಆಡುವ ಮಾತು ದಿನಕ್ಕೆ ಅರ್ಧ ತಾಸಾದರೂ ಇದ್ದೀತೇ? ಹೆಚ್ಚು ಕೇಳಿದ ಮಾತು ಬಾಯಿಗೆ ಬರುವದು ಪ್ರಕೃತಿನಿಯಮ. ‘ಅವ್ವಾ’ ಎಂದು ಕರೆಯುತ್ತಿದ್ದ ಕೂಸು ‘ಅಮ್ಮಾ’ ಎನ್ನತೊಡಗಿದೆ. ‘ಭಾಳ ಛಲೋ ಆತು’ ಎನ್ನುವಲ್ಲಿ ‘ತುಂಬಾ ಚೆನ್ನಾಗಿದೆ’ ಬಂದಿದೆ. ಅಮ್ಮ ಎಂಬದು ಕೆಟ್ಟ ಶಬ್ದವೆಂದು ನಾವು ಹೇಳುವದಿಲ್ಲ. ಅವ್ವ ಎಂಬದು ಕೆಟ್ಟ ಶಬ್ದವೆಂದು ಕೂಸು ತಿಳಿಯುವದಲ್ಲ, ಅದೇ ನಮ್ಮ ಸಂಕಟ. ಶಬ್ದವು ಬದಲಾದರೆ ಹಾನಿ ಅಲ್ಪ. ಹಡೆದವಳ ಮಾತಿಗೆ ಮಗುವು ನಾಚಿದರೆ ಹಾನಿ ಅಪಾರ.

ಇಂಥ ಯಂತ್ರವೇ ಬೇರೆ ರೀತಿಯಲ್ಲಿಯೂ ನಡೆದುಕೊಳ್ಳಬಹುದೆಂಬದಕ್ಕೆ ಧಾರವಾಡದ ಆಕಾಶವಾಣಿಯ ದೃಷ್ಟಾಂತವಿದೆ. 1950ರ ಜನೇವರಿ 8ರಂದು ಆರಂಭವಾದ ಈ ನಿಲಯಕ್ಕೆ 1956ರಿಂದ ಕೆಲ ಕಾಲ ಬೇಂದ್ರೆಯವರೇ ಸಲಹೆಗಾರರಾಗಿದ್ದರು. ಎನ್ಕೆ ಕುಲಕರ್ಣಿಯವರಂಥ ವಿನೋದಶೀಲ ಲೇಖಕರು ಅಲ್ಲಿ ದುಡಿದರು. ರೈತನಿಗೆ ರೈತನ ಮಾತಿನಲ್ಲಿಯೇ ಬೆಳೆಯ ವಿಚಾರ ಹೇಳಿದ್ದರಿಂದ ಹಳ್ಳಿಯ ಕಟ್ಟೆಯ ಮೇಲೆ ರೇಡಿಯೋದ ಮುಂದೆ ಕುಳಿತವನಿಗೆ ತನ್ನವನೇ ಯಾರೋ ಪೆಟ್ಟಿಗೆಯಲ್ಲಿ ಕುಳಿತಂತೆ ಆಗುತ್ತಿತ್ತು. ಅಲ್ಲಿ ಯಂತ್ರವು ಊರಿನ ಮಾತನ್ನು ಕಲಿತಿತ್ತು. ಇಲ್ಲಿ ಊರು ಯಂತ್ರದ ಮಾತನ್ನು ಕಲಿಯುತ್ತಿದೆ.

ಕಚೇರಿಯ ಯಂತ್ರ, ಬೀದಿಯ ಯಂತ್ರ

ಮನರಂಜನೆಯ ಯಂತ್ರವನ್ನು ಬೇಡವೆಂದರೆ ಆರಿಸಬಹುದು. ಕಚೇರಿಯ ಯಂತ್ರವನ್ನು ಆರಿಸುವ ಗುಂಡಿಯು ನಮ್ಮ ಕೈಯಲ್ಲಿಲ್ಲ. ಹೊಲದ ಉತಾರವು ಕುಲಕರ್ಣಿಯ ದಫ್ತರದಲ್ಲಿಯೂ, ಆ ಬಳಿಕ ಗ್ರಾಮಲೆಕ್ಕಿಗರ ಕೈಯಲ್ಲಿಯೂ ಇದ್ದ ಕಾಲದ ಕಷ್ಟವನ್ನು ಬಲ್ಲವರು, 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದುದನ್ನು ಉಪಕಾರವೆಂದೇ ಎಣಿಸುವರು. ನಾವೂ ಹಾಗೆಯೇ ಎಣಿಸುತ್ತೇವೆ. ಆದರೆ ಉಪಕಾರದ ಬಾಗಿಲಿಗೆ ಹೊಸದೊಂದು ಅಗಳಿಯು ಬಿದ್ದಿದೆ. ಅದರ ಹೆಸರು ಸರ್ವ್ಹರ. ಒಂದು ಕಚೇರಿಯ ಮುಂದೆ ನಾವು ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತೆವು. ನಮ್ಮ ಮುಂದಿನ ರೈತನು ಪಾಳಿ ಬಂದಾಗ ಕಾಗದ ಚಾಚಿದನು. ಒಳಗಿನಿಂದ, “ಸರ್ವ್ಹರ ಡೌನ್ ಐತಿ” ಎಂಬ ಉತ್ತರ ಬಂದಿತು. “ಯಾವಾಗ ಮ್ಯಾಲ ಏಳತೈತ್ರೀ?” ಎಂದು ಅವನು ಕೇಳಿದನು. ಅದಕ್ಕೆ ಉತ್ತರ ಕೊಡಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಹಿಂದಿನ ಅಧಿಕಾರಿಯು ಸಿಟ್ಟಾದರೆ ಕಾರಣವನ್ನು ಊಹಿಸಬಹುದಿತ್ತು, ಹಿರಿಯರನ್ನು ಕಳಿಸಿ ಸಮಾಧಾನ ಪಡಿಸಬಹುದಿತ್ತು. ಸರ್ವ್ಹರಿನ ಸಿಟ್ಟಿಗೆ ಮೊಗವೂ ಇಲ್ಲ, ಮದ್ದೂ ಇಲ್ಲ.

ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರದ ಕಥೆಯು ಇದಕ್ಕಿಂತ ಮನ ಕಲಕುವಂಥದು. ಬೆರಳಿನ ಗೆರೆಗಳನ್ನು ಓದಿ ಅದು ಮನುಷ್ಯನನ್ನು ಗುರುತಿಸುವದು. ನಲವತ್ತು ವರುಷ ಕುಡಗೋಲು ಹಿಡಿದು, ಮೆಣಸಿನಕಾಯಿ ಬಿಡಿಸಿ, ಹತ್ತಿ ಆರಿಸಿದ ಕೈಯಲ್ಲಿ ಗೆರೆಗಳು ಎಲ್ಲಿ ಉಳಿದಾವು? ಒಕ್ಕಲುತನದಲ್ಲಿ ಸವೆದ ಬೆರಳನ್ನು ಯಂತ್ರವು ಗುರುತಿಸಲೊಲ್ಲದು. ದುಡಿದುದೇ ಅಪರಾಧವಾಗಿ, ದುಡಿದವಳೇ ಅಪರಿಚಿತಳಾಗಿ, ಒದ್ದೆ ಬಟ್ಟೆಯಿಂದ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತ ನಿಂತ ಮುದುಕಿಯನ್ನು ಕಂಡವರಿಗೆ ಪ್ರಗತಿಯ ಅರ್ಥವನ್ನು ಇನ್ನೊಮ್ಮೆ ವಿಚಾರಿಸಬೇಕೆನಿಸದೆ ಇರದು.

ಬೀದಿಗೆ ಬಂದರೆ ಧ್ವನಿವರ್ಧಕ. ಹೋಳಿಹುಣ್ಣಿಮೆಗೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ದೂರದೂರದ ಜನ ಬರುವರು. ಹಬ್ಬದ ಸದ್ದೆಂದರೆ ನಮ್ಮ ಕಡೆಗೆ ಡೊಳ್ಳಿನದು, ಹಲಿಗೆಯದು, ಜಗ್ಗಲಿಗೆಯದು. ಬಾರಿಸುವವನ ತೋಳು ದಣಿದಾಗ ಆ ಸದ್ದೂ ದಣಿಯುತ್ತಿತ್ತು. ಇಂದಿನ ಮೆರವಣಿಗೆಗಳ ಡಿಜೆಗೆ ದಣಿವೆಂಬದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ವಾಸದ ಪ್ರದೇಶಕ್ಕೆ ರಾತ್ರಿಯಲ್ಲಿ 45 ಡೆಸಿಬೆಲ್ಲಿನ ಮಿತಿಯನ್ನು ಹಾಕಿವೆ. ನಿಯಮವು ಕಾಗದದ ಮೇಲೆ ಮೆಲ್ಲಗೆ ನುಡಿಯುವದು. ಡಿಜೆಯು ಬೀದಿಯಲ್ಲಿ ಗಟ್ಟಿಯಾಗಿ ನುಡಿಯುವದು. ಅದು ಮೊಳಗಿಸುವ ಹಾಡುಗಳಲ್ಲಿ ನಮ್ಮ ಊರಿನ ಪದಗಳೆಷ್ಟು, ಎಲ್ಲಿಂದಲೋ ಬಂದವೆಷ್ಟು ಎಂಬದನ್ನು ಕೇಳುವದೇ ಬೇಡ.

ನಡುವೆ ಒಂದು ಶುಭಲಕ್ಷಣವೂ ಕಂಡಿದೆ. ಚಹದ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕೊಟ್ಟ ಕೂಡಲೆ ಪುಟ್ಟ ಡಬ್ಬಿಯೊಂದು ಇಷ್ಟು ರೂಪಾಯಿ ಬಂದಿತೆಂದು ಕನ್ನಡದಲ್ಲಿ ಸಾರುವದು. ಓದು ಬಾರದ ಅಂಗಡಿಕಾರನಿಗೂ ಮೋಸವಾಗದು. ಯಂತ್ರಕ್ಕೆ ಕನ್ನಡ ಬಾರದೆಂಬ ನೆವವು ಇನ್ನು ನಡೆಯದು. ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಸಮಾನವಾದ ಯೂನಿಕೋಡ್ ಲಿಪಿಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನವು ದೊರಕಿದೆ. ಯಂತ್ರಕ್ಕೆ ಕಲಿಸಿದರೆ ಬರುವದು, ಕಲಿಸುವವರು ಬೇಕು.

ಇದು ಬರಿಯ ಅಭಿಮಾನವೇ?

ಇಷ್ಟೆಲ್ಲ ಕೇಳಿದ ಮೇಲೆ ಕೆಲ ವಾಚಕರು ಹೇಳಬಹುದು: ಏಕೀಕರಣಕ್ಕಾಗಿ ಹೋರಾಡಿದ ನಾಡಿನಲ್ಲಿ ಕುಳಿತು ಸೀಮೆಗೊಂದು ಮಾತು ಬೇಕೆನ್ನುವದು ಒಡಕಿನ ಮಾತಲ್ಲವೇ? ಎಲ್ಲರಿಗೂ ಒಂದೇ ಕನ್ನಡವಾದರೆ ಒಳಿತಲ್ಲವೇ? ಈ ಆಕ್ಷೇಪಣೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ಕನ್ನಡ ಶಾಲೆಗಳು ಮರಾಠಿಯ ನೆರಳಲ್ಲಿ ಬಾಡುತ್ತಿದ್ದ ಕಾಲಕ್ಕೆ ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಶ್ರಮ, 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸೇವೆ, ಆಲೂರ ವೆಂಕಟರಾಯರ ತಪಸ್ಸು, ಇವೆಲ್ಲವುಗಳ ಫಲವಾಗಿ 1956ರ ನವೆಂಬರ 1ರಂದು ನಾಡು ಒಂದಾಯಿತು. ಗ್ರಂಥಕ್ಕೆ, ಶಾಲೆಗೆ, ಕಾಯದೆಗೆ ಎಲ್ಲರೂ ಬಲ್ಲ ಒಂದು ಕನ್ನಡವು ಅವಶ್ಯ. ಈ ಲೇಖನವೂ ಆ ಗ್ರಾಂಥಿಕ ಕನ್ನಡದಲ್ಲಿಯೇ ಇರುವದನ್ನು ಕಂಡು ವಾಚಕರು ಮುಗುಳುನಕ್ಕಾರು; ನಗಲಿ. ಆದರೆ ಅಂದಿನ ಹಿರಿಯರು ಮನೆಯ ಮಾತನ್ನು ಉಳಿಸಲೆಂದು ಹೋರಾಡಿದರೇ ಹೊರತು ಒಂದು ಮನೆಯ ಮಾತಿನಿಂದ ಇನ್ನೊಂದು ಮನೆಯ ಮಾತನ್ನು ಅಳಿಸಲೆಂದಲ್ಲ. ಕೂಡಿ ಬಾಳುವದು ಬೇರೆ, ಒಬ್ಬರಂತೆಯೇ ಎಲ್ಲರೂ ಆಗುವದು ಬೇರೆ. ನವಲಗುಂದದ ಜಮಖಾನೆಯಲ್ಲಿ ಹಲವು ಬಣ್ಣದ ನೂಲುಗಳು ಒಂದೇ ಹಾಸಾಗುವವು. ಒಂದೇ ಬಣ್ಣ ಮಾಡಿದರೆ ಜಮಖಾನೆಯೆಂದು ಯಾರೂ ಕೊಳ್ಳುವದಿಲ್ಲ.

ಮೇಲಾಗಿ ಇದು ಬರಿಯ ಅಭಿಮಾನದ ಮಾತೂ ಅಲ್ಲ, ಹೊಟ್ಟೆಯ ಮಾತು. ನಮ್ಮ ರೈತನು ನೆಲವನ್ನು ಎರಿಯೆಂದೂ ಮಸಾರಿಯೆಂದೂ ಬೇರ್ಪಡಿಸುವನು. ರಂಟಿ ಹೊಡೆಯುವದು ಒಂದು ಕೆಲಸ, ಹರಗುವದು ಮತ್ತೊಂದು, ಬೆಳೆಯ ಸಾಲುಗಳ ನಡುವೆ ಎಡಿ ಹೊಡೆಯುವದು ಇನ್ನೊಂದು. ಪಟ್ಟಣದ ಮಾತಿನಲ್ಲಿ ಇವೆಲ್ಲವೂ ‘ಉಳುಮೆ’ಯಾಗಿಬಿಡುವವು. ಎರಿ ನೆಲದಲ್ಲಿ ಹಸಿ ಆರುವ ಮುನ್ನ ಹದ ಕಂಡು ಹಿಂಗಾರಿಯ ಜೋಳ, ಕಡಲೆ, ಕುಸುಬಿಗಳನ್ನು ಬಿತ್ತಬೇಕು. ಎರಡು ದಿನ ತಡವಾದರೆ ವರುಷದ ಅನ್ನವೇ ತಪ್ಪಿತು. ಆ ‘ಹದ’ ಎಂಬ ಒಂದು ಶಬ್ದದಲ್ಲಿ ಅಡಗಿದ ವಿದ್ಯೆಯು ಯಾವ ಧಾರಾವಾಹಿಯಲ್ಲಿಯೂ ದೊರೆಯದು. ಶಬ್ದವು ಹೋದರೆ ಅದರ ಬೆನ್ನು ಹತ್ತಿ ವಿದ್ಯೆಯೂ ಹೋಗುವದು.

ಇನ್ನು ಮುಂದಿನ ಯಂತ್ರಗಳು ಕೇಳುವ ಯಂತ್ರಗಳು. ಗುಂಡಿ ಒತ್ತುವ ಬದಲು ಬಾಯಿಂದ ಕೇಳಿದರೆ ಬೆಲೆ, ಹವೆ, ಔಷಧ ಎಲ್ಲವನ್ನೂ ಹೇಳುವ ಕಾಲವು ಆಗಲೇ ಬಂದಿದೆ. ಆದರೆ ಯಂತ್ರವು ಯಾರ ಮಾತನ್ನು ಹೆಚ್ಚು ಕೇಳಿ ಕಲಿತಿದೆಯೋ ಅವರ ಮಾತನ್ನೇ ಚೆನ್ನಾಗಿ ತಿಳಿಯುವದು. ಪುಸ್ತಕದ ಕನ್ನಡವನ್ನು ಮಾತ್ರ ಕಲಿತ ಯಂತ್ರದ ಮುಂದೆ ಅಣ್ಣಿಗೇರಿಯ ರೈತನು “ಕಡ್ಲಿಗೆ ಹುಳಾ ಬಿದ್ದಾವ, ಏನ್ ಹೊಡೀಬೇಕ?” ಎಂದರೆ ಅದು ತಬ್ಬಿಬ್ಬಾಗುವ ಸಂಭವವುಂಟು. ಆಗ ಅವನು ಮಗನನ್ನು ಕರೆದು ತನ್ನ ಮಾತಿಗೆ ದುಭಾಷಿಯನ್ನಾಗಿ ಮಾಡಿಕೊಳ್ಳಬೇಕು. ತನ್ನ ನಾಡಿನಲ್ಲಿ, ತನ್ನ ಭಾಷೆಗೇ, ದುಭಾಷಿ! ಪರಕೀಯರ ಸರಕಾರದಲ್ಲಿಯೂ ನಮ್ಮ ಹಿರಿಯರು ಸಹಿಸಲೊಲ್ಲದ ಸ್ಥಿತಿಯಿದು.

ಮಾಡಬೇಕಾದದ್ದು

ದೂರುವದರಿಂದಲೇ ಕೆಲಸವು ಆಗುವದಿಲ್ಲ. ನಮಗೆ ತೋಚಿದ ಕೆಲ ಸೂಚನೆಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು, ಪ್ರೇಕ್ಷಕರ ಕೈಯಲ್ಲಿದೆ. ನಮ್ಮ ಮಾತನ್ನು ಗೌರವದಿಂದ ಆಡಿಸಿದ ಚಿತ್ರಪಟವು ಬಂದಾಗ ನಾವೇ ಹೋಗಿ ನೋಡದೆ, ಬಳಿಕ ನಮ್ಮ ಮಾತಿಗೆ ಸ್ಥಾನವಿಲ್ಲವೆಂದು ಗೊಣಗುವದು ನ್ಯಾಯವಲ್ಲ. ಹಣ ಹೂಡುವವನು ತಿಕೀಟಿನ ಭಾಷೆಯನ್ನು ಬೇಗ ಕಲಿಯುವನು. ಇಂದು ಮೊಬೈಲೇ ಕ್ಯಾಮೆರಾ ಆಗಿರುವಾಗ ನಮ್ಮ ತರುಣರು ಪರರನ್ನು ಅಣಕಿಸುವ ಚಿಕ್ಕ ಚಿತ್ರಗಳನ್ನಷ್ಟೇ ಮಾಡದೆ ತಮ್ಮ ಊರಿನ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಲು ಯಾರ ಅಪ್ಪಣೆಯೂ ಬೇಡ.

ಎರಡನೆಯದು, ಸರಕಾರದ ಕೈಯಲ್ಲಿದೆ. 1980ರ ಜುಲೈದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು ನಾಡನ್ನೇ ಎಚ್ಚರಿಸಿದ ನವಲಗುಂದದ ರೈತರಿಗೆ ಕೇಳುವದನ್ನು ಯಾರೂ ಕಲಿಸಬೇಕಾಗಿಲ್ಲ. ಸರ್ವ್ಹರ ಕೆಟ್ಟ ದಿನವೂ ಕೆಲಸ ನಡೆಯುವ ಕಾಗದದ ದಾರಿಯೊಂದು ಪ್ರತಿ ಕಚೇರಿಯಲ್ಲಿ ಇರಬೇಕು. ಬೆರಳು ಸವೆದವರಿಗೆ ಬೇರೆ ಗುರುತಿನಿಂದ ಅಕ್ಕಿ ಕೊಡುವ ವ್ಯವಸ್ಥೆಯು ಅಂಗಡಿಕಾರನ ದಯೆಯ ಮೇಲೆ ನಿಲ್ಲದೆ ಹಕ್ಕಾಗಿ ಸಲ್ಲಬೇಕು. ಹಾಗೆ ಸಲ್ಲುವದೆಂದು ಊರವರಿಗೆಲ್ಲ ಗೊತ್ತಾಗುವಂತೆ ಅಂಗಡಿಯ ಮುಂದೆ ಕನ್ನಡದಲ್ಲಿ ಬರೆದು ಹಚ್ಚಬೇಕು.

ಮೂರನೆಯದು, ವಿದ್ಯಾವಂತರ ಕೈಯಲ್ಲಿದೆ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯಲ್ಲಿ ಜನರು ತಮ್ಮ ಧ್ವನಿಯನ್ನು ದಾನವಾಗಿ ಕೊಟ್ಟು ಯಂತ್ರಗಳಿಗೆ ದೇಶಭಾಷೆಗಳನ್ನು ಕಲಿಸುವ ಅನುಕೂಲವಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಹಳ್ಳಿಗೆ ಹೋಗಿ ಅಜ್ಜ-ಅಜ್ಜಿಯರ ಮಾತನ್ನು, ಒಕ್ಕಲುತನದ ಶಬ್ದಗಳನ್ನು, ಹಂತಿಯ ಪದಗಳನ್ನು ಧ್ವನಿಮುದ್ರಿಸಿಕೊಂಡರೆ ಅದು ನಾಡಸೇವೆಯಲ್ಲದೆ ಮತ್ತೇನು? ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ವಿದ್ಯಾವರ್ಧಕ ಸಂಘವೂ ಕೂಡಿ ಇದಕ್ಕೆ ಕೈಗೊಟ್ಟರೆ ಐದು ವರುಷಗಳಲ್ಲಿ ದೊಡ್ಡ ಭಾಂಡಾರವಾದೀತು. ಕರೀಮಖಾನರ ದನಿಯನ್ನು ಯಾರೋ ತಟ್ಟೆಯಲ್ಲಿ ಹಿಡಿದಿಟ್ಟದ್ದರಿಂದಲ್ಲವೇ ಗದುಗಿನ ಹುಡುಗನು ಅದನ್ನು ಕೇಳಿದ್ದು?

ನಾಲ್ಕನೆಯದೂ ಎಲ್ಲಕ್ಕಿಂತ ಮಿಗಿಲಾದದ್ದೂ ನಮ್ಮ ಮನೆಯಲ್ಲಿಯೇ ಇದೆ. ಇದಕ್ಕೆ ಸರಕಾರದ ಹುಕುಮು ಬೇಡ, ಸರ್ವ್ಹರ ಬೇಡ. ಸಂಜೆಯ ಮೂರು ತಾಸುಗಳಲ್ಲಿ ಒಂದು ತಾಸನ್ನು ಯಂತ್ರದಿಂದ ಬಿಡಿಸಿಕೊಂಡು ಮಕ್ಕಳನ್ನು ಅಜ್ಜಿಯ ಮುಂದೆ ಕೂಡ್ರಿಸಬೇಕು.

ಆ ಹಳ್ಳಿಯಿಂದ ನಾವು ಹೊರಡುವ ದಿನ ಸಂಜೆಗೆ ವಿದ್ಯುತ್ತು ಹೋಯಿತು. ಟಿ.ವ್ಹಿ. ಮೂಕವಾಯಿತು, ಮೊಬೈಲಿನ ಜೀವವೂ ಆರಿತ್ತು. ಬೇಸರಪಟ್ಟ ಹುಡುಗನು ಕಟ್ಟೆಗೆ ಬಂದು ಅಜ್ಜಿಯ ಮಗ್ಗುಲಲ್ಲಿ ಕುಳಿತನು. ಆಕೆಯು ತಾನು ಸಣ್ಣವಳಿದ್ದಾಗ ಬೆಣ್ಣಿಹಳ್ಳಕ್ಕೆ ಮಹಾಪೂರ ಬಂದು ಮೂರು ದಿನ ಊರು ನಡುಗಡ್ಡೆಯಾದ ಕಥೆಯನ್ನು ಹೇಳತೊಡಗಿದಳು. ಸ್ವಲ್ಪ ಹೊತ್ತಿನಲ್ಲಿ ಹುಡುಗನು ತನ್ನನ್ನು ಮರೆತು, “ಮುಂದ ಏನಾತಬೇ ಆಯಿ?” ಎಂದು ಕೇಳಿದ್ದು ನಮ್ಮ ಕಿವಿಗೆ ಬಿದ್ದಿತು. ಮಾತು ಇನ್ನೂ ಹೋಗಿಲ್ಲ, ಒಳಗೇ ಇದೆ. ಅಜ್ಜಿಯು ಅಂದು ಯಂತ್ರಕ್ಕೆ ಹೇಳಿದ್ದನ್ನೇ ನಾವು ನಮ್ಮ ನಾಡಿನವರಿಗೆ ಹೇಳುತ್ತೇವೆ: ಅದು ಹೊರಗೆ ಎಲ್ಲಿಯೂ ಹೋಗಿಲ್ಲ, ಒಮ್ಮೆ ಕರೆದು ನೋಡಿರಿ.